ಹೊಗೆ ಕುಡಿದ ಜೋಲಿ

ಬೆಳಗ್ಗೆ ಜೋಲಿಯ ಕೆಳಗೆ ಬಿದ್ದಿರುತ್ತಿದ್ದ ಕರಿಯ ಪುಡಿಯನ್ನು ಸುಮಾರು ಹತ್ತು ದಿನ ನಾನು ಕಾಲಿನಲ್ಲೇ ಒರೆಸಿ ಹಾಕಿದ್ದೆ. ನೋಡುವುದಕ್ಕೆ ನಶ್ಯದ ಹಾಗೆ, ಒಂದು ಚಿಟಿಕೆಯಷ್ಟು. ಒಲೆಯ ಮಸಿ ಉದುರಿರಬೇಕು ಎಂದುಕೊಂಡೆ. ಅದು ಮಸಿಯಲ್ಲ, ಜೋಲಿಯೇ ಪುಡಿಯಾಗಿ ಉದುರುತ್ತಿದೆ ಎಂದು ನಾನು ಒಪ್ಪಿಕೊಳ್ಳುವ ಹೊತ್ತಿಗೆ ಒಬ್ಬ ಮನುಷ್ಯನನ್ನು ಅದರಲ್ಲಿ ಮಲಗಿಸಿ ಕಮರಿಯ ಅಂಚಿನಲ್ಲಿ ಹೊತ್ತೊಯ್ಯಲು ಎಲ್ಲ ಸಿದ್ಧವಾಗಿತ್ತು.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ದೇವರಮನೆ ಗುಡ್ಡಗಳಲ್ಲಿ ಕಾಡಿನ ಗಡಿ ಅಳೆಯಲು ಬಂದಿದ್ದ ಸರ್ವೆ ತಂಡದಲ್ಲಿ ನಾನು ಕಲಾಸಿ. ಸರಪಳಿ ಎಳೆಯುವುದು, ಬಾವುಟ ಹಿಡಿದು ನಿಲ್ಲುವುದು, ಅಡ್ಡ ಬಂದ ಪೊದೆ ಕಡಿಯುವುದು ನನ್ನ ಕೆಲಸ. ಡೇರೆ, ಹಗ್ಗ, ಹಾಸಿಗೆಗಳನ್ನು ನೋಡಿಕೊಳ್ಳುವುದೂ ನನ್ನ ತಲೆಗೇ ಬಂದಿತ್ತು. ನಾನು ಗೋಣಿಬೀಡಿನವನು, ಮಲೆನಾಡಿನ ಥಂಡಿಯ ಗುಟ್ಟೆಲ್ಲ ನನಗೆ ಗೊತ್ತು ಎಂದು ಮೊದಲ ದಿನವೇ ಬಾಯಿ ಬಿಟ್ಟಿದ್ದೆ. ಜಂಬ ಕೊಚ್ಚಿಕೊಂಡವನಿಗೆ ಕೆಲಸ ಅಂಟಿಕೊಳ್ಳುವುದು ಹೊಸದೇನಲ್ಲ.

ತಂಡದ ಯಜಮಾನರು ಬಯಲುಸೀಮೆಯ ಸರ್ವೇಯರು. ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಇನ್ನೂ ಗಟ್ಟಿ, ರಕ್ತ ಹೀರುವ ಇಂಬಳ ಕಂಡರೆ ಮಾತ್ರ ಎರಡೂ ಕಾಲೆತ್ತಿ ಕುಣಿಯುವವರು. ನೆಲದ ಮೇಲೆ ಮಲಗಲು ಸುತಾರಾಂ ಒಪ್ಪುತ್ತಿರಲಿಲ್ಲ. ತೋಟ ಮಾರಿ ಸೀಮೆಗೆ ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ ಹಳೆಯ ಹ್ಯಾಮಕ್ ಒಂದನ್ನು ಕೊಂಡು ತಂದಿದ್ದರು. ನಮ್ಮ ಬಾಯಲ್ಲಿ ಅದು ಜೋಲಿಯಾಯಿತು. ದಪ್ಪ ಕ್ಯಾನ್ವಾಸ್ ಬಟ್ಟೆ, ಎರಡು ತುದಿಯಲ್ಲೂ ಹಿತ್ತಾಳೆಯ ಕಣ್ಣುಗಳ ಸಾಲು. ಒಂದೊಂದು ಕಣ್ಣಿನಿಂದ ಒಂದೊಂದು ನೂಲಿನ ಹುರಿ ಹೊರಟು, ಎಲ್ಲವೂ ಕೂಡಿ ಒಂದು ಕಬ್ಬಿಣದ ಬಳೆಗೆ ಕಟ್ಟು. ಆ ಬಳೆಗಳಿಗೆ ಹಗ್ಗ ಹಾಕಿ ಎರಡು ಮರಗಳಿಗೆ ಬಿಗಿದರೆ ಇಂಬಳ ತಲುಪದ ಹಾಸಿಗೆ ಸಿದ್ಧ.

ಕಾಫಿಗೆ ಹೂಮಳೆ ಬಂದ ಮೇಲೆ ಆ ವರ್ಷ ಮಳೆ ಹೋಗಲೇ ಇಲ್ಲ. ದಿನಕ್ಕೊಂದು ಹೊತ್ತಾದರೂ ಸುರಿದು ಹೋಗುತ್ತಿತ್ತು. ಜೋಲಿ ನೆನೆಯಿತು, ಒಣಗಲಿಲ್ಲ, ಮತ್ತೆ ನೆನೆಯಿತು. ಒಂದು ವಾರದಲ್ಲಿ ಬಟ್ಟೆಯ ಮೇಲೆ ಬೂಷ್ಟಿನ ಚುಕ್ಕೆ ಎದ್ದಿತು, ಹುಳಿ ವಾಸನೆ ಬಂತು.

"ಏನಯ್ಯ, ಇದರಲ್ಲಿ ಮಲಗಿದ್ರೆ ನಾನೂ ಬೂಷ್ಟು ಹಿಡೀತೀನಿ. ಮಲೆನಾಡಿನ ಗುಟ್ಟು ಗೊತ್ತು ಅಂದೆಯಲ್ಲ, ತೋರಿಸು ನೋಡೋಣ" ಎಂದರು ಸರ್ವೇಯರು.

ತೋರಿಸಿದೆ. ನಮ್ಮ ಕಡೆ ಒಲೆಯ ಮೇಲೆ ಅಟ್ಟ ಇಲ್ಲದ ಮನೆ ಇಲ್ಲ. ಬುಟ್ಟಿ, ಮೊರ, ಮೀನು ಹಿಡಿಯುವ ಕೂಣಿ, ಬಿದಿರಿನ ಗಳ, ಬಿತ್ತನೆಯ ಬೀಜ, ಎಲ್ಲವೂ ಅಲ್ಲೇ. ಹೊಗೆ ಕುಡಿದ ಬಿದಿರಿಗೆ ಹುಳ ಬೀಳುವುದಿಲ್ಲ. ನಮ್ಮ ಮನೆಯ ಭತ್ತದ ಬುಟ್ಟಿ ನನಗಿಂತ ಹಿರಿಯದು, ಕರ್ರಗೆ ಹೊಳೆಯುತ್ತ ಇನ್ನೂ ಗಟ್ಟಿಯಾಗಿಯೇ ಇತ್ತು. ಹೊಗೆ ಎಲ್ಲವನ್ನೂ ಗಟ್ಟಿ ಮಾಡುತ್ತದೆ ಎಂದು ನಾನು ನಂಬಿ ಬೆಳೆದವನು. ಅಡಿಗೆಯವನ ಗುಡಿಸಲಿನಲ್ಲಿ ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿ, ಪ್ರತಿದಿನ ಬೆಳಗ್ಗೆ ಜೋಲಿಯನ್ನು ಮಡಿಸಿ ಅದರ ಮೇಲೆ ಹಾಕತೊಡಗಿದೆ. ಸಂಜೆ ತೆಗೆದರೆ ಬೆಚ್ಚಗೆ, ಒಣಗಿ, ಗರಿಗರಿಯಾಗಿ ಇರುತ್ತಿತ್ತು. ಬೂಷ್ಟು ಓಡಿಹೋಯಿತು. ಸರ್ವೇಯರು ಮೂಸಿ ನೋಡಿ, "ಹೊಗೆ ವಾಸನೆ ಪರವಾಗಿಲ್ಲ, ಸೊಳ್ಳೆನೂ ಬರಲ್ಲ" ಎಂದು ಮೆಚ್ಚಿಕೊಂಡರು. ನಾನು ಉಬ್ಬಿಹೋದೆ. ಮೂರು ವಾರ ಹೀಗೆಯೇ ನಡೆಯಿತು.

ಆಮೇಲೆ ಒಂದೊಂದೇ ಕುರುಹು ಕಾಣತೊಡಗಿತು. ಜೋಲಿ ಎಡಕ್ಕೆ ವಾಲಿತು. ಹಗ್ಗ ಬಿಗಿದು ಸರಿಮಾಡಿದೆ. ಎರಡು ದಿನಕ್ಕೆ ಮತ್ತೆ ವಾಲಿತು. ಎಡಬದಿಯ ಹಿತ್ತಾಳೆ ಕಣ್ಣುಗಳ ಸುತ್ತ ಬಟ್ಟೆಯ ತೂತು ಉದ್ದವಾಗಿತ್ತು. ಕಬ್ಬಿಣದ ಬಳೆಯ ಬಳಿ ಹುರಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಕೆಳಗೆ ಆ ಪುಡಿ. ಒಂದು ಸಂಜೆ ಊಟ ಮುಗಿಸಿ ಸರ್ವೇಯರು ಜೋಲಿಗೆ ಏರಿದಾಗ ಚಿಟ್ ಚಿಟ್ ಎಂಬ ಸಣ್ಣ ಸದ್ದು ಕೇಳಿಸಿತು. ಒಳ್ಳೆಯ ಹಗ್ಗ ಭಾರ ಬಿದ್ದಾಗ ಕಿರುಗುಟ್ಟುತ್ತದೆ. ಇದು ಆ ಸದ್ದಲ್ಲ, ಒಣ ಕಡ್ಡಿ ಮುರಿದ ಹಾಗಿತ್ತು.

"ಏನಯ್ಯ ಅದು?" ಎಂದರು ಅವರು.

"ಹುಳ ಇರ್ಬೇಕು ಸ್ವಾಮಿ" ಎಂದೆ.

ಹುಳವಲ್ಲ ಎಂದು ನನ್ನ ಹೊಟ್ಟೆಯೊಳಗೆ ಗೊತ್ತಿತ್ತು. ಆದರೆ ಜೋಲಿ ಹಾಳಾಗಿದೆ ಎಂದರೆ ಹಾಳು ಮಾಡಿದವನು ಯಾರು ಎಂಬ ಮಾತು ಬರುತ್ತದಲ್ಲ. ಮಾರನೆಯ ದಿನ ಸುತ್ತುಬಳಸಿ, "ಬೇರೆ ಜೋಲಿ ಒಂದು ತರ್ಸಬೌದಾ ಸ್ವಾಮಿ? ಇದು ಹಳೇದಾಯ್ತು" ಎಂದು ಕೇಳಿದೆ.

"ಕ್ಯಾನ್ವಾಸ್ ಎಲ್ಲ ದಂಡಿಗೆ ಹೋಗ್ತಾ ಇದೆ, ನಿನಗೆ ಯಾರಯ್ಯ ಕೊಡ್ತಾರೆ? ಮಳೆಗಾಲ ಹಿಡಿಯೋವರೆಗೆ ಬಂದ್ರೆ ಸಾಕು" ಎಂದರು. ನಾನು ಕೇಳಿದ್ದೆ, ಅವರು ಬೇಡ ಎಂದರು. ಅಷ್ಟಕ್ಕೇ ನನ್ನ ಜವಾಬ್ದಾರಿ ಮುಗಿಯಿತೆಂದು ಸಮಾಧಾನ ಮಾಡಿಕೊಂಡೆ. ಈಗ ನೆನೆದರೆ ಆ ಸಮಾಧಾನವೇ ನನಗೆ ಹೆಚ್ಚು ನಾಚಿಕೆ ತರುತ್ತದೆ.

ಅದಾಗಿ ನಾಲ್ಕೈದು ದಿನಕ್ಕೆ ಸರ್ವೇಯರು ಬಿದ್ದರು. ಬೆಳಗಿನ ಹೊತ್ತು, ಹುಲ್ಲುಗುಡ್ಡದ ನೆತ್ತಿ. ದೂರದ ಬಾವುಟ ಮಂಜಿನಲ್ಲಿ ಸರಿಯಾಗಿ ಕಾಣದೆ, ಅಳತೆಯ ಉಪಕರಣದಿಂದ ಕಣ್ಣು ತೆಗೆದು ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟರು. ಒದ್ದೆ ಹುಲ್ಲು. ಜಾರಿದವರು ಇಳಿಜಾರಿನಲ್ಲಿ ಉರುಳುತ್ತ ಹೋಗಿ ಒಂದು ಬಂಡೆಗೆ ತಗುಲಿ ನಿಂತರು. ನಾನು ಓಡಿಹೋಗಿ ನೋಡಿದರೆ ಬಲಗಾಲು ಮೊಣಕಾಲಿನ ಕೆಳಗೆ ಬಾಗಬಾರದ ಕಡೆ ಬಾಗಿತ್ತು. ಎರಡು ಬಾವುಟದ ಕೋಲು ಮುರಿದು, ಕಾಲಿನ ಎರಡು ಬದಿಗಿಟ್ಟು, ನನ್ನ ಪಂಚೆ ಹರಿದು ಸುತ್ತಿದೆವು. ಅವರು ಹಲ್ಲು ಕಚ್ಚಿಕೊಂಡು, "ಉಪಕರಣ ನೆನೀತಾ ಇದೆ, ಮೊದಲು ಅದನ್ನ ಮುಚ್ಚಿ" ಎಂದರು.

ಹತ್ತಿರದಲ್ಲಿದ್ದದ್ದು ಗುಡ್ಡದ ಮಗ್ಗುಲಲ್ಲಿ ಒಂದೇ ಮನೆ. ಅಲ್ಲಿದ್ದವಳು ಸುತ್ತಲಿನ ಹತ್ತಾರು ತೋಟಗಳ ಬಾಣಂತಿಯರನ್ನು ನೋಡಿಕೊಳ್ಳುತ್ತಿದ್ದ ಸೂಲಗಿತ್ತಿ ಅಜ್ಜಿ. ಸರ್ವೇಯರನ್ನು ಅವಳ ಜಗಲಿಗೆ ಹೊತ್ತು ತಂದೆವು. ಕೆಳಗಿನ ಎಸ್ಟೇಟಿಗೆ ಸುದ್ದಿ ಹೋಗಿ, ಅಲ್ಲಿಯ ಮೇಸ್ತ್ರಿ ನಾಲ್ಕು ಗಟ್ಟಿ ಆಳುಗಳನ್ನು ಕರೆದುಕೊಂಡು ಬಂದ. ಮೂಡಿಗೆರೆಯ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಬಣಕಲ್ಲಿಗೆ ಇಳಿಯಬೇಕು. ಅಲ್ಲಿಂದ ದಿನಕ್ಕೊಂದೇ ಬಸ್ಸು, ಅದೂ ಮಧ್ಯಾಹ್ನ. ಇಳಿಯುವ ದಾರಿಯಲ್ಲಿ ಬಂಡೆಯ ಮೈಗೆ ಅಂಟಿಕೊಂಡಂತೆ ಒಂದು ಕಡೆ ಬರೀ ಒಂದಾಳು ಅಗಲದ ಕಾಲುದಾರಿ. ಎಡಕ್ಕೆ ಕಮರಿ. ಮಂಚ ಹೊತ್ತು ಆ ದಾರಿ ದಾಟಲಾಗುವುದಿಲ್ಲ. ಬಿದಿರಿಗೆ ಜೋಲಿ ಕಟ್ಟಿ, ಹಿಂದೊಬ್ಬ ಮುಂದೊಬ್ಬ ಹೊರಬೇಕು.

"ಜೋಲಿ ಉಂಟಲ್ಲ ಮಾರಾಯ ನಿಮ್ಮತ್ರ, ತಗೊಂಡು ಬಾ" ಎಂದ ಮೇಸ್ತ್ರಿ.

ಕ್ಯಾಂಪಿಗೆ ಓಡಿ, ಅಟ್ಟದ ಮೇಲಿಂದ ತಂದೆ. ಇನ್ನೂ ಬೆಚ್ಚಗಿತ್ತು. ಹಸಿ ಬಿದಿರಿನ ಗಳ ಒಂದನ್ನು ಬಳೆಗಳಲ್ಲಿ ತೂರಿಸಿ, ಜಾರದಂತೆ ಹಗ್ಗ ಬಿಗಿದೆವು. ಸರ್ವೇಯರನ್ನು ಎತ್ತಲು ಹೊರಟಾಗ ಅಜ್ಜಿ ಅಡ್ಡ ಬಂದಳು.

"ನಿಲ್ರಪ್ಪ. ಮೊದ್ಲು ಗುಂಡಪ್ಪ" ಎಂದಳು.

ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ, ಮಗುವಿಗಿಂತ ಮುಂಚೆ ರುಬ್ಬುವ ಗುಂಡುಕಲ್ಲಿಗೆ ಎಣ್ಣೆ ಅರಿಸಿನ ಹಚ್ಚಿ ಅದನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುವ ಪದ್ಧತಿ ನಮ್ಮಲ್ಲಿದೆ. ಕಲ್ಲಿಗೆ ಗುಂಡಪ್ಪ ಎಂದೇ ಹೆಸರು. ಹೆಂಗಸರು ನಗುತ್ತ ಮಾಡುವ ಶಾಸ್ತ್ರ. ಮೇಸ್ತ್ರಿಯೂ ನಕ್ಕ.

"ಅಜ್ಜಿ, ಇದು ನಾಮಕರಣ ಅಲ್ಲ. ಬಸ್ಸು ಹೋಗ್ತದೆ."

"ಹೋಗ್ಲಿ. ನನ್ನ ಮನೆ ಅಂಗಳದಿಂದ ಯಾರನ್ನೂ ಹಂಗೆ ಮಲಗ್ಸಿ ಕಳ್ಸಿದ್ದಿಲ್ಲ ನಾನು."

ಅವಳ ಜೊತೆ ವಾದಿಸುವುದಕ್ಕಿಂತ ಕಲ್ಲು ಹೊರುವುದು ಸುಲಭ. ಗುಂಡುಕಲ್ಲನ್ನು ಜೋಲಿಯಲ್ಲಿಟ್ಟೆವು. ಆಳಿನ ಭಾರ ಬರಲಿ ಎಂದು ಅದರ ಮೇಲೊಂದು ಮೂಟೆ ಭತ್ತ. ಇಬ್ಬರು ಬಿದಿರನ್ನು ಮೆಲ್ಲಗೆ ಹೆಗಲಿಗೆ ಎತ್ತಿದರು. ಜೋಲಿ ಜಗ್ಗಿತು, ಬಿಗಿಯಿತು, ನಿಂತಿತು. ಹತ್ತು ಎಣಿಸುವಷ್ಟು ಹೊತ್ತು ನೋಡಿದೆವು. ಏನೂ ಆಗಲಿಲ್ಲ.

"ಆಯ್ತಲ್ಲ ಅಜ್ಜಿ?" ಎಂದ ಮೇಸ್ತ್ರಿ. ಅಜ್ಜಿ ತಲೆಯಾಡಿಸಿದಳು. ಕಲ್ಲು, ಮೂಟೆ ಕೆಳಗಿಳಿದವು. ಸರ್ವೇಯರನ್ನು ಎತ್ತಲು ಆಳುಗಳು ಜಗಲಿಗೆ ಹೋದರು. ಮೊದಲ ಸರದಿಯಲ್ಲಿ ಹಿಂದಿನ ಹೆಗಲು ನನ್ನದು ಎಂದು ನಿಗದಿಯಾಗಿತ್ತು. ನಾನು ಬಿದಿರಿನ ತುದಿಯನ್ನು ಹಿಡಿದುಕೊಳ್ಳುತ್ತ, ಬಳೆಯ ಹತ್ತಿರ ಹುರಿಗಳ ಮೇಲೆ ಕೈಯಾಡಿಸಿದೆ. ಅಂಗೈಗೆ ಕರಿಯ ಪುಡಿ ಹತ್ತಿತು.

ಕಲ್ಲು ತಡೆದಿದೆ, ಅಜ್ಜಿಯೇ ಒಪ್ಪಿದ್ದಾಳೆ, ಇನ್ನು ನಾನೇಕೆ ಬಾಯಿ ಬಿಡಲಿ ಎಂದು ಒಂದು ಮನಸ್ಸು ಹೇಳಿತು. ಬಣಕಲ್ಲಿನವರೆಗೆ ಎರಡೂವರೆ ಗಂಟೆಯ ಹಾದಿ, ಬಂದರೆ ಬರಬಹುದು. ಆದರೆ ಹಿಂದಿನ ಹೆಗಲಿನವನಿಗೆ ದಾರಿಯುದ್ದಕ್ಕೂ ಕಾಣುವುದು ಜೋಲಿಯೊಂದೇ. ಆ ಬಂಡೆಯ ಮೈಯಲ್ಲಿ ಚಿಟ್ ಎಂಬ ಸದ್ದು ಕೇಳಿದರೆ ಆಗ ಏನು ಮಾಡುವುದು?

"ಎತ್ತಬೇಡಿ" ಎಂದೆ. "ಇದನ್ನ ಒಂದು ತಿಂಗಳಿಂದ ಒಲೆ ಮೇಲೆ ಹೊಗೆಗೆ ಹಾಕ್ತಾ ಇದ್ದೀನಿ. ದಿನಾಲೂ. ಈಚೆಗೆ ಪುಡಿ ಉದುರ್ತಾ ಉಂಟು. ಸದ್ದೂ ಬರ್ತಾ ಉಂಟು."

ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದಳು. "ನೂಲಿನ ಬಟ್ಟೆನ ಒಲೆ ಮೇಲೆ ಹಾಕಿದ್ಯಾ?"

"ಬುಟ್ಟಿ ಎಲ್ಲ ಹಾಕ್ತೀವಲ್ಲ ಅಜ್ಜಿ..."

"ಬಿದಿರು ಬೇರೆ, ನೂಲು ಬೇರೆ ಮಗಾ. ಬಿದಿರಿಗೆ ಹೊಗೆ ಬೇಕು. ನೂಲು ಆ ಬಿಸೀಗೆ ಒಳಗೊಳಗೇ ಸುಟ್ಟುಹೋಗ್ತದೆ, ಮೇಲೆ ಕಾಣಲ್ಲ. ತೊಟ್ಲ ಬಟ್ಟೆ ಒಲೆ ಮೇಲೆ ಒಣಗಿಸ್ಬೇಡಿ ಅಂತ ಬಾಣಂತೀರಿಗೆ ಹೇಳಿ ಹೇಳಿ ನನ್ನ ಬಾಯಿ ಬತ್ತಿಹೋಯ್ತು." ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಕಲ್ಲು ವಾಪಸ್ ಹಾಕಿ. ಈ ಸಲ ಸುಮ್ನೆ ಹಿಡ್ಕೊಂಡು ನಿಲ್ಲೋದಲ್ಲ. ತೂಗಿ. ನಡ್ಯೋ ಹಂಗೆ ನಡೀರಿ, ಕಾಲು ಜಾರಿದ ಹಂಗೆ ಒಂದ್ಸಲ ಕುಸೀರಿ" ಎಂದಳು.

ಆಳುಗಳು ಅಂಗಳದಲ್ಲಿ ಒಂದು ಸುತ್ತು ನಡೆದರು. ಎರಡನೆಯ ಸುತ್ತಿನಲ್ಲಿ ಮುಂದಿನವನು ಬೇಕೆಂದೇ ಮಂಡಿ ಬಗ್ಗಿಸಿ ಕುಸಿದ. ಚಿಟ್ ಚಿಟ್ ಚಿಟ್ ಎಂದು ಹುರಿಗಳು ಒಂದರ ಹಿಂದೊಂದು ಹೋದವು. ಉಳಿದ ಕಣ್ಣುಗಳ ಸಾಲು ಬಟ್ಟೆಯಿಂದ ಕಿತ್ತುಬಂತು. ಗುಂಡಪ್ಪ ದಬ್ಬೆಂದು ನೆಲಕ್ಕೆ ಬಿದ್ದು, ಅಂಗಳ ದಾಟಿ ಉರುಳಿ, ತುಳಸಿಕಟ್ಟೆಗೆ ತಾಗಿ ನಿಂತ. ಮೂಟೆ ಒಡೆದು ಭತ್ತವೆಲ್ಲ ಚೆಲ್ಲಿತು. ಎಲ್ಲಿದ್ದವೋ ಅಜ್ಜಿಯ ಕೋಳಿಗಳು, ಹಬ್ಬಕ್ಕೆ ಕರೆದಂತೆ ಓಡಿಬಂದವು.

ಸರ್ವೇಯರು ಜಗಲಿಯ ಮೇಲಿಂದ ಎಲ್ಲವನ್ನೂ ನೋಡಿದ್ದರು. ಒಮ್ಮೆ ಕಲ್ಲನ್ನು, ಒಮ್ಮೆ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು.

ಮೇಸ್ತ್ರಿ ಮಾತ್ರ ಇನ್ನೂ ಜೋಲಿಯ ಆಸೆ ಬಿಟ್ಟಿರಲಿಲ್ಲ. "ಹುರಿ ಹೋಗಿದ್ದು. ಬಟ್ಟೆ ಗಟ್ಟಿ ಉಂಟಲ್ಲ? ತುದಿ ಮಡಚಿ ಹೊಸ ಹಗ್ಗ ಕಟ್ಟೋಣ, ಕಾಲು ಗಂಟೆ ಕೆಲ್ಸ. ಬಸ್ಸು ಸಿಗ್ತದೆ" ಎಂದ. ಮಾತು ಸರಿಯಾಗಿಯೇ ಕೇಳಿಸಿತು. ಬಟ್ಟೆ ನೋಡಲು ದಪ್ಪವಾಗಿಯೇ ಇತ್ತು. ನಾನು ನಡುಭಾಗವನ್ನು ಮಡಚಿ, ಮಡಿಕೆಯನ್ನು ಉಗುರಿನಿಂದ ಒತ್ತಿ, ಎರಡು ಹೆಬ್ಬೆರಳಿನ ನಡುವೆ ಹಿಡಿದು ಎಳೆದೆ. ಒಣಗಿದ ಬಾಳೆಎಲೆಯ ಹಾಗೆ ಸೀಳಿಕೊಂಡಿತು. ಇನ್ನೊಂದು ಕಡೆ ಎಳೆದೆ, ಅಲ್ಲೂ ಅದೇ.

"ಇದರಲ್ಲಿ ಒಂದು ಗೇಣು ಬಟ್ಟೆನೂ ಬೇಡ" ಎಂದೆ. "ಬಸ್ಸು ತಪ್ಪಿದ್ರೆ ತಪ್ಪಲಿ."

ಅಷ್ಟು ಗಟ್ಟಿಯಾಗಿ ಮೇಸ್ತ್ರಿಯ ಎದುರು ನಾನು ಅಲ್ಲಿಯವರೆಗೆ ಮಾತಾಡಿದ್ದಿಲ್ಲ. ಅವನೂ ಹರಿದ ಬಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿ, ಪಕ್ಕಕ್ಕೆ ಎಸೆದ.

ಅಜ್ಜಿ ತನ್ನ ಕಂಬಳಿ ತಂದಳು. ಉದ್ದ ಸಾಲಲಿಲ್ಲ; ಕಟ್ಟು ಹಾಕಿದ ಕಾಲು ಹೊರಗೆ ಉಳಿಯುತ್ತಿತ್ತು, ಮಡಿಸುವ ಹಾಗಿರಲಿಲ್ಲ. ಮೇಸ್ತ್ರಿ ತಾನು ಹೊದ್ದು ಬಂದಿದ್ದ ಕಂಬಳಿಯನ್ನೂ ಬಿಚ್ಚಿ ಕೊಟ್ಟ. ಎರಡನ್ನೂ ಒಂದು ಮೊಳ ಒಂದರ ಮೇಲೊಂದು ಬರುವಂತೆ ಹಾಸಿ, ಕಾಫಿ ಮೂಟೆ ಹೊಲಿದು ಪಳಗಿದ ಅವನೇ ದಬ್ಬಣ ಮತ್ತು ಗೋಣಿದಾರದಿಂದ ಮೂರು ಸಾಲು ಹೊಲಿಗೆ ಹಾಕಿದ. ತುದಿಗಳನ್ನು ಬಿದಿರಿನ ಸುತ್ತ ತಂದು, ಗಂಟಿನೊಳಗೆ ಒಂದೊಂದು ಬೆಣಚುಕಲ್ಲು ಸೇರಿಸಿ ಕಟ್ಟಿದೆವು. ಗಂಟಿನಲ್ಲಿ ಕಲ್ಲಿದ್ದರೆ ಭಾರ ಬಿದ್ದಷ್ಟೂ ಬಿಗಿಯುತ್ತದೆ, ಜಾರುವುದಿಲ್ಲ. ಮತ್ತೆ ಗುಂಡಪ್ಪ ಮಲಗಿದ. ಈ ಸಲ ಭತ್ತ ಇರಲಿಲ್ಲ, ನಾನೇ ಅವನ ಪಕ್ಕ ಕೂತೆ. ಆಳುಗಳು ನಡೆದರು, ಕುಸಿದರು, ಎದ್ದರು. ಕಂಬಳಿ ಒಂದಿಷ್ಟು ಹಿಗ್ಗಿತು, ಅಷ್ಟೇ.

ಇದೆಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಸರ್ವೇಯರಿಗೆ ಮೈ ಬಿಸಿಯೇರುತ್ತಿತ್ತು. ಅವರು ಒಮ್ಮೆಯೂ ಬೇಗ ಮಾಡಿ ಎನ್ನಲಿಲ್ಲ.

ಬಂಡೆಯ ಮೈಯ ದಾರಿಗೆ ಬಂದಾಗ ಮಳೆ ಹನಿಯತೊಡಗಿತು. ಮುಂದೆ ಎಸ್ಟೇಟಿನ ಆಳು, ಹಿಂದೆ ನಾನು. ಅರ್ಧ ದಾರಿಯಲ್ಲಿ ಮುಂದಿನವನ ಕಾಲು ಪಾಚಿಯ ಮೇಲೆ ಜಾರಿ, ಅವನು ಒಂದು ಮಂಡಿಯ ಮೇಲೆ ಕೂತುಬಿಟ್ಟ. ಬಿದಿರು ನನ್ನ ಹೆಗಲನ್ನು ಕಚ್ಚಿ ಮುಂದಕ್ಕೆ ಎಳೆಯಿತು. ಜೋಲಿ ಕಮರಿಯ ಕಡೆ ತೂಗಿ ಹೋಗಿ, ತೂಗಿ ಬಂತು. ಸರ್ವೇಯರು ನೋವಿಗೆ ಕೂಗಿದರು. ನನ್ನ ಕಿವಿ ಆ ಕೂಗನ್ನು ಕೇಳುತ್ತಿರಲಿಲ್ಲ, ಗಂಟನ್ನು ಕೇಳುತ್ತಿತ್ತು. ಕಂಬಳಿ ಕಿರ್ರ್ ಎಂದು ಬಿಗಿದು ನಿಂತಿತು. ಮುಂದಿನವನು ಎದ್ದ, ನಾವು ನಡೆದೆವು. ಅಜ್ಜಿ ಆಡಿಸಿದ್ದ ಆಟ ಅಕ್ಷರಶಃ ಹಾಗೆಯೇ ನಡೆದುಹೋಗಿತ್ತು. ಆ ಹಳೆಯ ಜೋಲಿ ಇದ್ದಿದ್ದರೆ ಎಂದು ಯೋಚಿಸಿದ್ದು ನಾನು ಬಣಕಲ್ ತಲುಪಿ ಕೂತ ಮೇಲೆ. ಕೂತಲ್ಲೇ ಅಳು ಬಂತು.

ಬಸ್ಸು ಹೋಗಿತ್ತು. ಮೂಡಿಗೆರೆಗೆ ಹೊರಟಿದ್ದ ಕಾಫಿ ಗಾಡಿಯೊಂದರಲ್ಲಿ ಮೂಟೆಗಳ ಮೇಲೆ ಹುಲ್ಲು ಹಾಸಿ ಮಲಗಿಸಿಕೊಂಡು ಹೋದೆವು. ಆಸ್ಪತ್ರೆ ಸೇರಿದಾಗ ದೀಪ ಹಚ್ಚುವ ಹೊತ್ತು. ಕಾಲು ಉಳಿಯಿತು, ಆದರೆ ಸ್ವಲ್ಪ ಗಿಡ್ಡವಾಗಿ ಕೂಡಿಕೊಂಡಿತು. ಬೇಗ ಬಂದಿದ್ದರೆ ನೆಟ್ಟಗೆ ಕೂಡುತ್ತಿತ್ತೋ ಏನೋ, ಡಾಕ್ಟರು ಹೇಳಲಿಲ್ಲ, ನಾನು ಕೇಳಲಿಲ್ಲ.

ಎರಡು ದಿನ ಬಿಟ್ಟು ಅವರ ಮಂಚದ ಪಕ್ಕ ನಿಂತು ಎಲ್ಲ ಹೇಳಿದೆ. ಅಟ್ಟ, ಪುಡಿ, ಸದ್ದು, ಯಾವುದನ್ನೂ ಬಿಡಲಿಲ್ಲ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿಕೊಂಡು, "ಹೋಗು, ಕ್ಯಾಂಪ್ ನೋಡಿಕೋ" ಎಂದರು, ಅಷ್ಟೇ. ಕೆಲಸ ಹೋಯಿತೆಂದುಕೊಂಡೆ.

ಕ್ಯಾಂಪಿಗೆ ಬಂದರೆ ಅಡಿಗೆಯವನು ಹರಿದ ಜೋಲಿಯನ್ನು ಅಜ್ಜಿಯ ಅಂಗಳದಿಂದ ತಂದು ತೊಳೆದು ಬೇಲಿಗೆ ಹರವಿದ್ದ. ಮೊಮ್ಮಗುವಿಗೆ ತೊಟ್ಟಿಲು ಕಟ್ಟಲು ಬೇಕಂತೆ. "ಮಗು ಎಷ್ಟು ಭಾರ ಇರ್ತದೆ ಮಾರಾಯ, ತಡೀತದೆ" ಎಂದ. ನಾನು ಕತ್ತಿ ತಂದು ಅವನ ಎದುರೇ ಅದನ್ನು ಗೇಣುಗೇಣು ಚೂರು ಮಾಡಿದೆ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ ಆಗುತ್ತದೆ, ಬೇರೆ ಯಾವುದಕ್ಕೂ ಆಗಕೂಡದು ಎಂದೆ. ಆ ಸಿಟ್ಟಿಗೆ ಅವನು ವಾರಗಟ್ಟಲೆ ನನಗೆ ತಿಳಿಸಾರು ಬಡಿಸಿದ.

ಆಮೇಲೆ ಎಷ್ಟೋ ಹಗ್ಗ, ಡೇರೆ, ಜೋಲಿಗಳು ನನ್ನ ಕೈಮೇಲೆ ಹಾದುಹೋದವು. ಯಾವುದಕ್ಕೂ ಎಷ್ಟು ವರ್ಷವಾಯಿತು ಎಂದು ನಾನು ಕೇಳಲಿಲ್ಲ. ಹುರಿಯ ಎಳೆ ಬಿಚ್ಚಿ ಒಳಗೆ ನೋಡುತ್ತಿದ್ದೆ. ಮೇಲೆ ಮಾಸಿದ್ದರೂ ಒಳಗೆ ಬೆಳ್ಳಗಿದ್ದರೆ ಇನ್ನೂ ಬಾಳುತ್ತದೆ, ಒಳಗಿನಿಂದ ಪುಡಿ ಬಂದರೆ ಅವತ್ತೇ ಕೊನೆ. ಕಣ್ಣಿನ ಸುತ್ತ ತೂತು ಉದ್ದವಾಯಿತೇ, ಕಟ್ಟಿದ್ದು ಮತ್ತೆ ಮತ್ತೆ ಒಂದೇ ಕಡೆಗೆ ವಾಲುತ್ತದೆಯೇ ಎಂದು ನೋಡುತ್ತಿದ್ದೆ. ಮಳೆಯಲ್ಲಿ ನೆನೆದದ್ದನ್ನು ಗಾಳಿಗೆ ಹರವುತ್ತಿದ್ದೆ. ಒಣಗದಿದ್ದರೆ ಒದ್ದೆಯಾಗಿಯೇ ಇರಲಿ, ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಇಷ್ಟು ಕಲಿಯಲು ಇನ್ನೊಬ್ಬರ ಕಾಲು ಬೇಕಾಯಿತು.

ಮುಂದಿನ ಸುಗ್ಗಿ ಮುಗಿದ ಮೇಲೆ ಸರ್ವೇಯರು ಊರುಗೋಲು ಹಿಡಿದು ಬಂದರು. ನನ್ನನ್ನು ಬೇರೆ ತಂಡಕ್ಕೆ ಹಾಕಿದ್ದರೂ ಅವರೇ ಹೇಳಿ ವಾಪಸು ಕರೆಸಿಕೊಂಡಿದ್ದರು. ಹೊಸ ಜೋಲಿ ಹೇಗೋ ಸಂಪಾದಿಸಿ ತಂದಿದ್ದರು. ಮೊದಲ ದಿನ ಸಂಜೆ ಅದನ್ನು ಎರಡು ಹೊನ್ನೆಮರಗಳ ನಡುವೆ ಕಟ್ಟಿ, ಹೊಳೆದಂಡೆಯಿಂದ ಒಂದು ಗುಂಡುಕಲ್ಲು ಹೊತ್ತು ತಂದೆ. ಅವರು ಊರುಗೋಲಿನ ಮೇಲೆ ಭಾರ ಬಿಟ್ಟು ನೋಡುತ್ತ ನಿಂತಿದ್ದರು.

"ಅದನ್ನ ಕೆಳಗಿಡು" ಎಂದರು. "ನೀನೇ ಮಲಗು."

"ನಾನಾ ಸ್ವಾಮಿ?"

"ಹೂಂ. ಆ ದಿನ ಮೊದಲನೇ ಸಲ ಕಲ್ಲು ಸುಮ್ನಿತ್ತು. ಹೇಳಿದ್ದು ನೀನು."

ಮಲಗಿದೆ. ಅವರು ಕುಂಟುತ್ತ ಬಂದು, ಊರುಗೋಲನ್ನು ಮರಕ್ಕೆ ಒರಗಿಸಿ, ಎರಡು ಕೈಯಿಂದ ಜೋಲಿಯನ್ನು ಹಿಡಿದು ತೂಗಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹಾಗೆ ತೂಗುತ್ತಲೇ ತಲೆ ಬಗ್ಗಿಸಿ ನನ್ನ ಮುಖ ನೋಡಿದರು.

"ಏನಾದ್ರೂ ಕೇಳಿಸುತ್ತೇನಯ್ಯ? ಹುಳ ಅನ್ನಬೇಡ ಮತ್ತೆ."

ನಾನು ಉಸಿರು ಹಿಡಿದು ಕೇಳಿದೆ. ಹುರಿಗಳು ಭಾರಕ್ಕೆ ಕಿರುಗುಟ್ಟುತ್ತಿದ್ದವು. ಬೇರೆ ಸದ್ದಿರಲಿಲ್ಲ.

"ಗಟ್ಟಿ ಉಂಟು ಸ್ವಾಮಿ" ಎಂದೆ. ನಾನು ಇಳಿದೆ, ಅವರು ಹತ್ತಿ ಮಲಗಿದರು.